ಗ್ಯಾರಿ ಕಿಲ್ಡಾಲ್ ಮತ್ತು ನಾವು ಬಿಡಲಾರದ ಆಪರೇಟಿಂಗ್ ಸಿಸ್ಟಂ

ಗ್ಯಾರಿ ಕಿಲ್ಡಾಲ್ ಹೆಸರು ಹೇಳಿದರೆ ಕಂಪ್ಯೂಟರ್ ಇತಿಹಾಸವನ್ನು ಅಲ್ಪಸ್ವಲ್ಪ ಓದಿದವರಿಗೆ ನೆನಪಾಗೋದು ಒಂದೇ ಕಥೆ. 1980ರಲ್ಲಿ ಐಬಿಎಂ ಕಂಪನಿಯವರು ಆಪರೇಟಿಂಗ್ ಸಿಸ್ಟಂ ಬೇಕು ಅಂತ ಅವರ ಬಾಗಿಲಿಗೇ ಬಂದರಂತೆ, ಆ ಹೊತ್ತಿಗೆ ಅವರು ಮಜಾಕ್ಕೆ ವಿಮಾನ ಹಾರಿಸೋಕೆ ಹೋಗಿದ್ದರಂತೆ, ಬಾಗಿಲು ತಟ್ಟಿ ತಟ್ಟಿ ಬೇಸತ್ತ ಲಕ್ಷ್ಮಿ ಬಿಲ್ ಗೇಟ್ಸ್ ಮನೆಗೆ ಹೊರಟುಹೋದಳಂತೆ. ಅವಕಾಶ ಬಂದಾಗ ಕೈಬಿಡಬಾರದು ಅನ್ನೋ ನೀತಿಪಾಠಕ್ಕೆ ಈ ಕಥೆ ಚೆನ್ನಾಗಿ ಒದಗತ್ತೆ. ಆದರೆ ಇದು ಅರ್ಧ ಸುಳ್ಳು. ಆ ಅರ್ಧ ಸುಳ್ಳಿನ ಅಡಿಯಲ್ಲಿ ಒಬ್ಬ ದೊಡ್ಡ ಎಂಜಿನಿಯರ್‌ನ ಇಡೀ ಬದುಕು ಮುಚ್ಚಿಹೋಗಿದೆ.

ಈ ಬದುಕನ್ನು ಈಗ ತೆಗೆದು ನೋಡೋಕೆ ನಮಗೆ ಇನ್ನೊಂದು ಕಾರಣವೂ ಇದೆ. ಲಿನಕ್ಸ್ ಪುಕ್ಕಟೆ ಸಿಗತ್ತೆ, ಚೆನ್ನಾಗಿಯೂ ಇದೆ, ಹಾಗಿದ್ದೂ ಜನ ಯಾಕೆ ವಿಂಡೋಸ್ ಬಿಡಲ್ಲ ಅನ್ನೋ ಚರ್ಚೆ ನಮ್ಮ ಹಾಸ್ಟೆಲ್‌ಗಳಲ್ಲಿ ಪ್ರತಿ ವರ್ಷ ಹೊಸದಾಗಿ ಶುರುವಾಗತ್ತೆ. ಸೋಮಾರಿತನ ಅಂತ ಒಬ್ಬರು, ಜಾಹೀರಾತು ಅಂತ ಇನ್ನೊಬ್ಬರು, ಗೇಮ್ಸ್ ಅಂತ ಮತ್ತೊಬ್ಬರು. ಮಾತು ಮುಗಿಯೋ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಹಳೇ ಲ್ಯಾಪ್‌ಟಾಪ್‌ಗೇ ವಾಪಸ್. ಆದರೆ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟಿ, ಅದಕ್ಕೆ ಜನರನ್ನು ಒಗ್ಗಿಸಿ, ಆಮೇಲೆ ಅದೇ ಜನರನ್ನು ಕಳೆದುಕೊಂಡು, ಅವರನ್ನು ಮರಳಿ ಗೆಲ್ಲೋಕೆ ಹತ್ತು ವರ್ಷ ಹೆಣಗಿದ ಮನುಷ್ಯ ಒಬ್ಬರಿದ್ದರು. ಈ ಪ್ರಶ್ನೆಗೆ ಅವರ ಬದುಕಿಗಿಂತ ಒಳ್ಳೆ ಪಠ್ಯ ನಮಗೆ ಸಿಕ್ಕಿಲ್ಲ.

ಹಡಗಿನ ಶಾಲೆಯಿಂದ ಚಿಪ್ಪಿನ ಕಡೆಗೆ

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅವರ ಮನೆಯವರು ಹಡಗು ನಡೆಸುವವರಿಗೆ ದಿಕ್ಕು ಲೆಕ್ಕ ಹಾಕೋದು ಕಲಿಸುವ ಒಂದು ಶಾಲೆ ನಡೆಸುತ್ತಿದ್ದರು. ಹೈಸ್ಕೂಲಿನಲ್ಲಿ ಓದಿನ ವಿಷಯದಲ್ಲಿ ಅಷ್ಟಕ್ಕಷ್ಟೇ ಅನ್ನಿಸಿಕೊಂಡಿದ್ದ ಗ್ಯಾರಿ ಈ ಶಾಲೆಯಲ್ಲಿ ಪಾಠ ಮಾಡಿದರು. ಗಣಿತದ ಮೇಷ್ಟ್ರಾಗಬೇಕು ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದವರಿಗೆ ಅಲ್ಲಿ ಕಂಪ್ಯೂಟರ್ ಹುಚ್ಚು ಹತ್ತಿತು. ವಿಯೆಟ್ನಾಂ ಯುದ್ಧದ ಕಾಲ ಅದು. ಕಡ್ಡಾಯ ಸೇನಾ ಸೇವೆಯ ಬಾಬ್ತು ನೌಕಾಪಡೆ ಸೇರಬೇಕಾಗಿ ಬಂದಾಗ, ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿನ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅವರಿಗೆ ಮತ್ತೆ ಮೇಷ್ಟ್ರ ಕೆಲಸವೇ ಸಿಕ್ಕಿತು.

1972ರಲ್ಲಿ ಅವರು ಪಿಎಚ್‌ಡಿ ಮುಗಿಸಿದರು. ಮರುವರ್ಷ ಬಂದ ಅವರ ಪ್ರಬಂಧ, ಕಂಪೈಲರ್ ಒಂದು ಪ್ರೋಗ್ರಾಂ ಅನ್ನು ಇಡಿಯಾಗಿ ನೋಡಿ ಚುರುಕುಗೊಳಿಸೋದು ಹೇಗೆ ಅನ್ನೋದಕ್ಕೆ ಗಣಿತದ ಚೌಕಟ್ಟು ಕೊಟ್ಟಿತು. ಕಂಪೈಲರ್ ಡಿಸೈನ್ ಪೇಪರ್‌ನಲ್ಲಿ ಡೇಟಾ ಫ್ಲೋ ಅನಾಲಿಸಿಸ್ ಅಂತ ನಾವು ಓದ್ತೀವಲ್ಲ, ಅದರ ಬುಡದಲ್ಲಿ ಇರೋದು ಇದೇ ಕೆಲಸ. ಆಪರೇಟಿಂಗ್ ಸಿಸ್ಟಂ ಗೊಡವೆಗೇ ಹೋಗದಿದ್ದರೂ ಈ ಒಂದು ಪ್ರಬಂಧದಿಂದ ಅವರ ಹೆಸರು ಉಳೀತಿತ್ತು.

ಮಾಂಟೆರೇಯಿಂದ ಸಿಲಿಕಾನ್ ವ್ಯಾಲಿಗೆ ಕಾರಿನಲ್ಲಿ ಹೋಗಿ ಬರುವಷ್ಟೇ ದೂರ. ಇಂಟೆಲ್ ಆಗಷ್ಟೇ 4004 ಅನ್ನೋ ಪುಟ್ಟ ಮೈಕ್ರೊಪ್ರೊಸೆಸರ್ ಮಾಡಿತ್ತು. ಕಿಲ್ಡಾಲ್ ಅದಕ್ಕೆ ಪ್ರೋಗ್ರಾಂ ಬರೆಯುತ್ತ ಬರೆಯುತ್ತ, ಬಿಡುವಿನ ದಿನಗಳಲ್ಲಿ ಇಂಟೆಲ್‌ಗೆ ಸಲಹೆಗಾರರಾದರು. 1973ರ ಹೊತ್ತಿಗೆ ಪಿಎಲ್/ಎಂ ಅನ್ನೋ ಭಾಷೆ ಕಟ್ಟಿಕೊಟ್ಟರು. ಮೈಕ್ರೊಪ್ರೊಸೆಸರ್‌ಗಾಗಿ ಬಂದ ಮೊದಲ ಉನ್ನತ ಮಟ್ಟದ ಭಾಷೆ ಅದು. ಆಗ ಪ್ರೋಗ್ರಾಂ ತುಂಬಿಸೋದು ಅಂದರೆ ಕಾಗದದ ಟೇಪ್ ಕಟಕಟ ಅಂತ ಓಡೋದನ್ನು ಕೂತು ಕಾಯೋದು. ಫ್ಲಾಪಿ ಡ್ರೈವ್ ಆಗತಾನೇ ಬಂದಿತ್ತು. ಕಿಲ್ಡಾಲ್ ಒಂದು ಡ್ರೈವ್ ಸಂಪಾದಿಸಿದರು, ಗೆಳೆಯ ಜಾನ್ ಟೊರೋಡ್ ಅದಕ್ಕೆ ಕಂಟ್ರೋಲರ್ ಬೋರ್ಡ್ ಕಟ್ಟಿಕೊಟ್ಟರು. 1974ರಲ್ಲಿ ಆ ಡ್ರೈವನ್ನು ಆಳೋಕೆ ಬರೆದ ಪ್ರೋಗ್ರಾಂ ಹೆಸರೇ ಸಿಪಿ/ಎಂ. ಇಂಟೆಲ್‌ಗೆ ತೋರಿಸಿದರು. ಪಿಎಲ್/ಎಂ ಸಾಕು, ಇದು ಬೇಡ ಅಂದುಬಿಟ್ಟಿತು ಇಂಟೆಲ್. ಹಾಗಾಗಿ ಕಿಲ್ಡಾಲ್ ಮತ್ತು ಅವರ ಹೆಂಡತಿ ಡೊರೊತಿ ಸೇರಿಕೊಂಡು ಪೆಸಿಫಿಕ್ ಗ್ರೋವ್ ಅನ್ನೋ ಸಣ್ಣ ಕಡಲೂರಿನಲ್ಲಿ ತಾವೇ ಒಂದು ಕಂಪನಿ ತೆರೆದರು. ಮೊದಲ ಹೆಸರು ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್. ಆಮೇಲೆ ಗ್ಯಾಲಕ್ಸಿ ಬಿಟ್ಟು ಬರೀ ಡಿಜಿಟಲ್ ರಿಸರ್ಚ್ ಆಯ್ತು.

ಒಂದು ಗೆರೆ ಎಳೆದ ಕಥೆ

ಎಪ್ಪತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ಸಣ್ಣ ಕಂಪ್ಯೂಟರ್ ಮಾಡುವ ಕಂಪನಿಗಳು ಮಳೆಗಾಲದ ಅಣಬೆ ಥರ ಎದ್ದಿದ್ದವು. ಒಂದರ ಕೀಬೋರ್ಡ್ ಒಂದು ಥರ, ಇನ್ನೊಂದರ ಡಿಸ್ಕ್ ಇನ್ನೊಂದು ಥರ. ಪ್ರತಿ ಯಂತ್ರಕ್ಕೂ ಸಿಪಿ/ಎಂ ಅನ್ನು ಹೊಸದಾಗಿ ತಿದ್ದಬೇಕಿತ್ತು. ಇಮ್ಸಾಯ್ ಅನ್ನೋ ಕಂಪನಿಯ ಯಂತ್ರಕ್ಕೆ ಹೊಂದಿಸೋ ಕೆಲಸ ಬಂದಾಗ ಕಿಲ್ಡಾಲ್ ಸಿಸ್ಟಂನ ನಡುವೆ ಒಂದು ಗೆರೆ ಎಳೆದರು. ಗೆರೆಯ ಕೆಳಗೆ ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಸಣ್ಣ ಭಾಗ. ಅದಕ್ಕೆ ಅವರಿಟ್ಟ ಹೆಸರು ಬಯೋಸ್. ಹೌದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2 ಒತ್ತಿ ನಾವು ಹುಡುಕುವ ಆ ಬಯೋಸ್ ಹೆಸರು ಬಂದದ್ದು ಇಲ್ಲಿಂದಲೇ. ಗೆರೆಯ ಮೇಲೆ ಯಾವ ಯಂತ್ರದಲ್ಲೂ ಬದಲಾಗದ ದೊಡ್ಡ ಭಾಗ.

ನೋಡೋಕೆ ಸಣ್ಣ ಬದಲಾವಣೆ. ಪರಿಣಾಮ ಮಾತ್ರ ಬಹಳ ದೊಡ್ಡದು. ಹೊಸ ಯಂತ್ರ ಮಾಡಿದವರು ಬಯೋಸ್ ಒಂದನ್ನು ಬರೆದುಕೊಂಡರೆ ಸಾಕು, ಸಿಪಿ/ಎಂಗಾಗಿ ಬರೆದ ಪ್ರೋಗ್ರಾಂಗಳೆಲ್ಲ ಅದರಲ್ಲಿ ಓಡುತ್ತಿದ್ದವು. ಪ್ರೋಗ್ರಾಂ ಬರೆಯುವವರಿಗೂ ಒಮ್ಮೆ ಬರೆದರೆ ನೂರು ಕಡೆ ಮಾರುವ ಅವಕಾಶ. 1978ರಲ್ಲಿ ವರ್ಡ್‌ಸ್ಟಾರ್ ಬಂತು, ಅದರ ಹಿಂದೆಯೇ ಡಿಬೇಸ್ ಬಂತು. ಪತ್ರ ಟೈಪ್ ಮಾಡುವವರು, ಲೆಕ್ಕ ಬರೆಯುವವರು, ಗೋದಾಮಿನ ಪಟ್ಟಿ ಇಡುವವರು ಎಲ್ಲರೂ ಸಿಪಿ/ಎಂ ಯಂತ್ರ ಕೊಳ್ಳತೊಡಗಿದರು.

ಇಲ್ಲೇ ನಮ್ಮ ಪ್ರಶ್ನೆಗೆ ಮೊದಲ ಉತ್ತರ ಇರೋದು. ಆ ಜನರಿಗೆ ಸಿಪಿ/ಎಂ ಮೇಲೆ ಪ್ರೀತಿ ಇತ್ತಾ? ಬಹಳಷ್ಟು ಜನ ಅದರ ಕಡೆ ತಿರುಗಿಯೂ ನೋಡಿರಲಿಕ್ಕಿಲ್ಲ. ಅವರಿಗೆ ಬೇಕಿದ್ದದ್ದು ವರ್ಡ್‌ಸ್ಟಾರ್. ಆಪಲ್ 2 ಇಟ್ಟುಕೊಂಡವರ ಪಾಡು ನೋಡಿ. ಅವರ ಯಂತ್ರದ ಪ್ರೊಸೆಸರ್ರೇ ಬೇರೆ, ಸಿಪಿ/ಎಂ ಅದರಲ್ಲಿ ಓಡುವ ಹಾಗೇ ಇರಲಿಲ್ಲ. 1980ರಲ್ಲಿ ಮೈಕ್ರೋಸಾಫ್ಟ್ ಒಂದು ಉಪಾಯ ಮಾಡಿತು. ಝಡ್80 ಪ್ರೊಸೆಸರ್ ಇರುವ ಒಂದು ಕಾರ್ಡ್ ತಯಾರಿಸಿ, ಡಿಜಿಟಲ್ ರಿಸರ್ಚ್‌ನಿಂದ ಲೈಸೆನ್ಸ್ ತಗೊಂಡ ಸಿಪಿ/ಎಂ ಜೊತೆ ಮಾರಿತು. ಜನ ತಮ್ಮ ಕಂಪ್ಯೂಟರ್ ಒಳಗೆ ಇನ್ನೊಂದು ಪ್ರೊಸೆಸರ್ ಕೂರಿಸಿಕೊಂಡರು, ಮೇಲಿನ ಪ್ರೋಗ್ರಾಂಗಳಿಗೋಸ್ಕರ. ಸಾಮಾನ್ಯ ಬಳಕೆದಾರನ ನಿಷ್ಠೆ ಇರೋದು ಗೆರೆಯ ಮೇಲ್ಗಡೆಗೆ ಅನ್ನೋದು ಆ ಕಾರ್ಡ್‌ನಲ್ಲೇ ಸಾಬೀತಾಗಿತ್ತು. ಆ ಪಾಠವನ್ನು ಮೈಕ್ರೋಸಾಫ್ಟ್ ಚೆನ್ನಾಗಿ ಕಲಿತಿತು.

ಬೆರಳಿನ ಅಭ್ಯಾಸದ ಕಥೆಯೂ ಇದೇ. ಟರ್ಬೊ ಸಿ ನೀಲಿ ಪರದೆಯಲ್ಲಿ ನಾಲ್ಕು ಸಾಲು ಆಯ್ಕೆ ಮಾಡೋಕೆ ಕಂಟ್ರೋಲ್-ಕೆ-ಬಿ, ಕಂಟ್ರೋಲ್-ಕೆ-ಕೆ ಒತ್ತುವ ಸೀನಿಯರ್‌ಗಳನ್ನು ಕೆಲವರಾದರೂ ನೋಡಿರ್ತೀರಿ. ಅವು ವರ್ಡ್‌ಸ್ಟಾರ್‌ನ ಕೀಗಳು. ಆ ಪ್ರೋಗ್ರಾಂ ಹೋಯ್ತು, ಅದು ಹುಟ್ಟಿದ ಸಿಸ್ಟಂ ಹೋಯ್ತು, ಬೆರಳುಗಳು ಮಾತ್ರ ಬಿಡಲಿಲ್ಲ.

ಐಬಿಎಂ ಬಂದ ದಿನ

1980ರಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ಕಟ್ಟುತ್ತಿತ್ತು. ಆಪರೇಟಿಂಗ್ ಸಿಸ್ಟಂ ಹುಡುಕಿಕೊಂಡು ಅವರು ಪೆಸಿಫಿಕ್ ಗ್ರೋವ್‌ಗೆ ಬಂದ ಬೆಳಿಗ್ಗೆ ಕಿಲ್ಡಾಲ್ ತಮ್ಮ ವಿಮಾನದಲ್ಲಿ ಇನ್ನೊಬ್ಬ ವ್ಯಾಪಾರಿಯನ್ನು ಕಾಣೋಕೆ ಹೋಗಿದ್ದು ನಿಜ. ಅದು ಮಜಾ ಅಲ್ಲ, ಕಂಪನಿ ಕೆಲಸ. ಒಪ್ಪಂದಗಳನ್ನು ಯಾವಾಗಲೂ ನೋಡಿಕೊಳ್ಳುತ್ತಿದ್ದವರು ಡೊರೊತಿ. ಐಬಿಎಂ ಮುಂದಿಟ್ಟ ಗೋಪ್ಯತೆಯ ಕರಾರು ಪೂರ್ತಿ ಒಂದೇ ಕಡೆಗೆ ವಾಲಿದೆ ಅಂತ ಅವರಿಗೂ ವಕೀಲರಿಗೂ ಅನ್ನಿಸಿತು, ಸಹಿಯ ವಿಷಯ ಎಳೆದಾಡಿತು. ಮಧ್ಯಾಹ್ನದ ಮೇಲೆ ಏನಾಯ್ತು ಅನ್ನೋದರಲ್ಲಿ ಎರಡೂ ಕಡೆಯವರ ನೆನಪು ಕೂಡಿಬರಲ್ಲ. ವ್ಯವಹಾರ ಮಾತ್ರ ಕುದುರಲಿಲ್ಲ.

ಇತ್ತ ಸಿಯಾಟಲ್‌ನಲ್ಲಿ ಟಿಮ್ ಪ್ಯಾಟರ್ಸನ್ ಅನ್ನೋ ಎಂಜಿನಿಯರ್ ತಮ್ಮ ಕಂಪನಿಯ 8086 ಬೋರ್ಡ್‌ಗೆ ಸಿಪಿ/ಎಂ ಯಾವಾಗ ಬರತ್ತೆ ಅಂತ ಕಾದು ಕಾದು, ಕೊನೆಗೆ ತಾವೇ ಒಂದು ಸಿಸ್ಟಂ ಬರೆದಿದ್ದರು. ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ ಹೊಸ ಚಿಪ್ಪಿಗೆ ತರುವಂತಿರಬೇಕು ಅನ್ನೋದು ಅವರ ಗುರಿ. ಅದಕ್ಕೆ ಸಿಪಿ/ಎಂ ಪ್ರೋಗ್ರಾಂಗಳಿಗೆ ಯಾವ ಸಂಖ್ಯೆಗೆ ಯಾವ ಸೇವೆ ಕೊಡುತ್ತಿತ್ತೋ ಹೆಚ್ಚುಕಡಿಮೆ ಅದನ್ನೇ ಇಟ್ಟುಕೊಂಡರು. ಕೋಡ್ ನಕಲು ಮಾಡಿಲ್ಲ, ಹೊರ ರೂಪವನ್ನಷ್ಟೇ ಹೊಂದಿಸಿದ್ದು ಅಂತ ಅವರು ಹೇಳುತ್ತ ಬಂದಿದ್ದಾರೆ. ಮೈಕ್ರೋಸಾಫ್ಟ್ ಆ ಸಿಸ್ಟಂ ಅನ್ನು 1981ರಲ್ಲಿ ಪೂರ್ತಿ ಕೊಂಡುಕೊಂಡು, ಐಬಿಎಂಗೆ ಪಿಸಿ-ಡಾಸ್ ಅಂತ ಕೊಟ್ಟಿತು.

ಅದರ ಗುರುತು ನಮ್ಮ ಮೈಕ್ರೊಪ್ರೊಸೆಸರ್ ಲ್ಯಾಬ್‌ನಲ್ಲೇ ಇದೆ. 8086 ಪ್ರೋಗ್ರಾಂನಲ್ಲಿ ಒಂದು ಸಾಲು ಪ್ರಿಂಟ್ ಮಾಡಬೇಕಾದರೆ ಎಎಚ್ ರಿಜಿಸ್ಟರ್‌ಗೆ 9 ಹಾಕಿ, ಇಂಟರಪ್ಟ್ 21ಎಚ್ ಕರೀತೀವಿ, ಸಾಲಿನ ಕೊನೆಗೆ ಡಾಲರ್ ಚಿಹ್ನೆ ಇಡ್ತೀವಿ. ಯಾಕೆ 9? ಯಾಕೆ ಡಾಲರ್? ಸಿಪಿ/ಎಂನಲ್ಲೂ ಸಾಲು ಪ್ರಿಂಟ್ ಮಾಡುವ ಸೇವೆಯ ಸಂಖ್ಯೆ 9, ಅಲ್ಲೂ ಸಾಲು ಮುಗಿಯೋದು ಡಾಲರ್‌ನಿಂದಲೇ. ಒಂದು ಅಕ್ಷರ ಓದೋಕೆ 1, ಬರೆಯೋಕೆ 2, ಇವೂ ಅಲ್ಲಿಯವೇ. ಕಾಮ್ ಪ್ರೋಗ್ರಾಂ 100ಎಚ್ ವಿಳಾಸದಿಂದ ಶುರುವಾಗೋದೂ ಅಲ್ಲಿಂದ ಬಂದ ಪದ್ಧತಿ. ಡ್ರೈವ್‌ಗಳಿಗೆ ಎ, ಬಿ ಅಂತ ಅಕ್ಷರ ಇಡೋದು, ಎಂಟು ಅಕ್ಷರದ ಫೈಲ್ ಹೆಸರು, ಮೂರಕ್ಷರದ ಬಾಲ, ಇವೆಲ್ಲ ಡಾಸ್‌ಗೆ ಹರಿದು ಬಂದದ್ದು ಸಿಪಿ/ಎಂನಿಂದ. ನಮ್ಮ ಲ್ಯಾಪ್‌ಟಾಪ್‌ನ ಸಿ ಡ್ರೈವ್ ಆ ಸಾಲಿನ ಮೂರನೆಯದು.

ಕಿಲ್ಡಾಲ್‌ಗೆ ಇದು ಗೊತ್ತಾದಾಗ ಸಿಟ್ಟು ಬಂದದ್ದು ಸಹಜ. ಆದರೆ ಸಾಫ್ಟ್‌ವೇರ್‌ನ ಹೊರರೂಪ ಹೋಲಿದರೆ ಅದು ಕಳವು ಹೌದೋ ಅಲ್ಲವೋ ಅನ್ನೋದು ಆಗಿನ ಕಾನೂನಿನಲ್ಲಿ ತೀರ್ಮಾನವಾಗಿರಲಿಲ್ಲ. ಮೊಕದ್ದಮೆ ಬದಲು ರಾಜಿಯಾಯ್ತು. ಐಬಿಎಂ ತನ್ನ ಯಂತ್ರಕ್ಕೆ ಸಿಪಿ/ಎಂನ ಹೊಸ ರೂಪವಾದ ಸಿಪಿ/ಎಂ-86 ಅನ್ನೂ ಮಾರತ್ತೆ, ಕೊಳ್ಳುವವರು ಬೇಕಾದ್ದನ್ನು ಆರಿಸಿಕೊಳ್ಳಲಿ ಅಂತ. ಐಬಿಎಂ ಪಿಸಿ ಹೊರಬಂದದ್ದು 1981ರ ಆಗಸ್ಟ್ 12ರಂದು. ಡಾಸ್ ಬೆಲೆ 40 ಡಾಲರ್. ತಿಂಗಳುಗಳ ನಂತರ ಅಂಗಡಿಗೆ ಬಂದ ಸಿಪಿ/ಎಂ-86 ಬೆಲೆ 240 ಡಾಲರ್. ಆರು ಪಟ್ಟು ಕೊಟ್ಟು ಅದನ್ನು ಕೊಳ್ಳೋಕೆ ಯಾರಿಗೂ ಕಾರಣ ಕಾಣಲಿಲ್ಲ.

ಈಗ ಯೋಚನೆ ಮಾಡಿ. ಸಿಪಿ/ಎಂ ಬಳಸುತ್ತಿದ್ದ ಅಷ್ಟೊಂದು ಜನ ಕೆಲವೇ ವರ್ಷಗಳಲ್ಲಿ ಆಪರೇಟಿಂಗ್ ಸಿಸ್ಟಂ ಬದಲಾಯಿಸಿಬಿಟ್ಟರು. ಬದಲಾಯಿಸೋದು ಕಷ್ಟ ಅಂತೀವಲ್ಲ, ಅವರಿಗೆ ಯಾಕೆ ಕಷ್ಟವಾಗಲಿಲ್ಲ? ಹೊಸ ಯಂತ್ರದಲ್ಲೂ ವರ್ಡ್‌ಸ್ಟಾರ್ ಇತ್ತು, ಡಿಬೇಸ್ ಇತ್ತು, ಎ ಅಕ್ಷರದ ಪಕ್ಕ ಕಾಯುತ್ತ ನಿಂತ ಅದೇ ಪ್ರಾಂಪ್ಟ್ ಇತ್ತು. ಬಾಡಿಗೆ ಮನೆ ಬದಲಾಯಿಸಿದರೂ ಅದೇ ಹಾಲಿನವನು, ಅದೇ ಕಿರಾಣಿ ಅಂಗಡಿ, ಅದೇ ಬಸ್ ಸ್ಟಾಪು ಸಿಕ್ಕಿದ ಹಾಗೆ. ಮನೆ ಬಿಟ್ಟೆ ಅಂತ ಅನ್ನಿಸಲೇ ಇಲ್ಲ. ಕಿಲ್ಡಾಲ್ ಎಳೆದ ಗೆರೆಯೇ ಅವರಿಗೆ ತಿರುಗುಬಾಣವಾಯ್ತು. ಗೆರೆಯ ಕೆಳಗಿನ ಯಂತ್ರ ಯಾವುದಾದರೂ ನಡೆಯತ್ತೆ ಅಂತ ಅವರು ತೋರಿಸಿಕೊಟ್ಟಿದ್ದರು. ಮೇಲಿನದು ಹಾಗೇ ಉಳಿದರೆ ನಡುವಿನ ಸಿಸ್ಟಂ ಯಾವುದಾದರೂ ನಡೆಯತ್ತೆ ಅಂತ ಡಾಸ್ ತೋರಿಸಿತು.

ಮರಳಿ ಗೆಲ್ಲುವ ಪ್ರಯತ್ನ

ಕಿಲ್ಡಾಲ್ ಕೈಕಟ್ಟಿ ಕೂರಲಿಲ್ಲ. ಅವರ ಕಂಪನಿ ಎಂಬತ್ತರ ದಶಕದ ಮೊದಲಲ್ಲೇ ಪಿಸಿಯಲ್ಲಿ ಏಕಕಾಲಕ್ಕೆ ಹಲವು ಪ್ರೋಗ್ರಾಂ ಓಡಿಸುವ ಸಿಸ್ಟಂ ಹೊರತಂದಿತು. ಡಾಸ್‌ಗಿಂತ ಅದು ಎಷ್ಟೋ ಮುಂದಿತ್ತು, ಆದರೆ ಜನ ಬರಲಿಲ್ಲ. ಉತ್ತಮವಾಗಿದ್ದರೆ ಸಾಕು ಅನ್ನೋ ಎಂಜಿನಿಯರ್‌ಗಳ ನಂಬಿಕೆಗೆ ಬಿದ್ದ ಪೆಟ್ಟು ಅದು. 1988ರಲ್ಲಿ ಡಿಜಿಟಲ್ ರಿಸರ್ಚ್ ದಾರಿ ಬದಲಾಯಿಸಿ, ಡಾಸ್ ಪ್ರೋಗ್ರಾಂಗಳನ್ನೇ ಓಡಿಸುವ ಡಿಆರ್-ಡಾಸ್ ತಂದಿತು. ಹಿಂದೆ ತಮ್ಮ ಮೇಲೆ ಪ್ರಯೋಗವಾದ ಅಸ್ತ್ರವನ್ನು ಈಗ ತಾವೇ ಹಿಡಿದರು. 1990ರ ಐದನೇ ಆವೃತ್ತಿ ಮೆಮೊರಿ ಉಳಿಸುವುದರಲ್ಲಿ ಮೈಕ್ರೋಸಾಫ್ಟ್‌ನದ್ದನ್ನು ಹಿಂದೆ ಹಾಕಿತ್ತು. ಪ್ರೋಗ್ರಾಂ ಅವೇ, ಅಭ್ಯಾಸ ಅದೇ, ಗುಣ ಹೆಚ್ಚು. ಇನ್ನೇನು ಬೇಕು?

ಅಲ್ಲಿ ಇನ್ನೆರಡು ಬೀಗ ಎದುರಾದವು. ಮೊದಲನೆಯದು ಲೈಸೆನ್ಸ್‌ನದು. ಕಂಪ್ಯೂಟರ್ ತಯಾರಕರು ಮಾರುವ ಪ್ರತಿ ಯಂತ್ರಕ್ಕೂ, ಅದರಲ್ಲಿ ಯಾವ ಸಿಸ್ಟಂ ಹಾಕಿದರೂ, ಮೈಕ್ರೋಸಾಫ್ಟ್‌ಗೆ ದುಡ್ಡು ಕೊಡಬೇಕು ಅನ್ನೋ ಬಗೆಯ ಕರಾರುಗಳು ಚಾಲ್ತಿಯಲ್ಲಿದ್ದವು. ಡಿಆರ್-ಡಾಸ್ ಹಾಕಿದರೆ ಎರಡು ಸಲ ದುಡ್ಡು. ಎರಡನೆಯದು ಭಯದ ಬೀಗ. ವಿಂಡೋಸ್ 3.1ರ ಪರೀಕ್ಷಾ ಆವೃತ್ತಿಯಲ್ಲಿ, ಕೆಳಗಿರೋದು ಮೈಕ್ರೋಸಾಫ್ಟ್‌ನ ಡಾಸ್ ಹೌದೋ ಅಲ್ಲವೋ ಅಂತ ಗುಟ್ಟಾಗಿ ನೋಡಿ, ಅಲ್ಲದಿದ್ದರೆ ಅರ್ಥವಾಗದ ಒಂದು ಎರರ್ ಸಂದೇಶ ತೋರಿಸುವ ಕೋಡ್ ಇತ್ತು. ಪ್ರೋಗ್ರಾಂ ನಿಲ್ಲುತ್ತಿರಲಿಲ್ಲ, ಎರರ್ ಮಾತ್ರ ಕಾಣುತ್ತಿತ್ತು. ಮಾರುಕಟ್ಟೆಗೆ ಬಂದ ಆವೃತ್ತಿಯಲ್ಲಿ ಆ ಕೋಡ್ ನಿದ್ದೆ ಮಾಡುತ್ತಿತ್ತು, ಆದರೆ ಅಲ್ಲೇ ಇತ್ತು. ತಾಂತ್ರಿಕ ಅಡ್ಡಿಗಿಂತ ಏನಾಗಿಬಿಡತ್ತೋ ಅನ್ನೋ ಅನುಮಾನವೇ ಜನರನ್ನು ಹೆಚ್ಚು ಹಿಡಿದಿಡತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

1991ರಲ್ಲಿ ಡಿಜಿಟಲ್ ರಿಸರ್ಚ್ ಅನ್ನು ನೊವೆಲ್ ಕಂಪನಿ ಕೊಂಡಿತು. ಆ ಮಾರಾಟದಿಂದ ಕಿಲ್ಡಾಲ್ ಕೈಗೆ ಹಣವೇನೂ ಕಡಿಮೆ ಬರಲಿಲ್ಲ. ಅದಕ್ಕೂ ಮುಂಚೆ, 1983ರಿಂದ 1990ರವರೆಗೆ, ಅವರು ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮದ ಸಹ ನಿರೂಪಕರಾಗಿ ಬೇರೆಯವರ ಆವಿಷ್ಕಾರಗಳನ್ನು ಜನರಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಆ ಹಳೇ ಕಂತುಗಳಲ್ಲಿ ಕಾಣೋದು ಸೋತು ಕಹಿಯಾದ ವ್ಯಾಪಾರಿ ಅಲ್ಲ, ಪಾಠ ಮಾಡೋದರಲ್ಲಿ ಸುಖ ಕಾಣುವ ಮೇಷ್ಟ್ರು. 1985ರಲ್ಲಿ ಒಂದು ಇಡೀ ವಿಶ್ವಕೋಶವನ್ನು ಸಿಡಿ-ರಾಮ್‌ಗೆ ಇಳಿಸಿದ ಕೆಲಸವೂ ಅವರ ಇನ್ನೊಂದು ಕಂಪನಿಯದ್ದು.

ಒಳಗೆ ಮಾತ್ರ ನೋವು ಇತ್ತು. ಎಲ್ಲಿ ಹೋದರೂ ವಿಮಾನದ ಕಥೆ ಅವರಿಗಿಂತ ಮುಂಚೆ ಅಲ್ಲಿ ತಲುಪಿರುತ್ತಿತ್ತು. ಡೊರೊತಿಯಿಂದ ಬೇರೆಯಾಗಿದ್ದರು, ಕೊನೆಯ ವರ್ಷಗಳಲ್ಲಿ ಕುಡಿತ ಹೆಚ್ಚಾಗಿತ್ತು. ತಮ್ಮ ಕಡೆಯ ಕಥೆಯನ್ನು 1993ರಲ್ಲಿ ಬರೆದು ಕೆಲವೇ ಆಪ್ತರಿಗೆ ಹಂಚಿದರು. ಅದರ ಒಂದು ಭಾಗ ಸಾರ್ವಜನಿಕರ ಕೈಗೆ ಬಂದದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಹೋಗಿ 22 ವರ್ಷವಾಗಿತ್ತು. 1994ರ ಜುಲೈನಲ್ಲಿ ಮಾಂಟೆರೇಯಲ್ಲಿ ತಲೆಗೆ ಪೆಟ್ಟಾಗಿ, ಜುಲೈ 11ರಂದು ಅವರು ತೀರಿಕೊಂಡರು. ವಯಸ್ಸು 52. ನಾಲ್ಕೇ ದಿನದ ನಂತರ, ಜುಲೈ 15ರಂದು, ಅಮೆರಿಕ ಸರ್ಕಾರದ ಜೊತೆಗಿನ ಒಪ್ಪಂದದಲ್ಲಿ ಮೈಕ್ರೋಸಾಫ್ಟ್ ಆ ಯಂತ್ರಕ್ಕಿಷ್ಟು ಅನ್ನೋ ಲೈಸೆನ್ಸ್ ಪದ್ಧತಿಯನ್ನು ಬಿಡೋಕೆ ಒಪ್ಪಿತು.

ನಮ್ಮ ಕನ್ನಡದ ಗೆರೆ

ಈ ಕಥೆ ಕನ್ನಡದ ಕೆಲಸ ಮಾಡುವ ನಮಗೂ ಹತ್ತಿರದ್ದೇ. ಕರ್ನಾಟಕದ ಎಷ್ಟೋ ಕಚೇರಿ, ಪ್ರೆಸ್ಸು, ಮನೆಗಳಲ್ಲಿ ವಿಂಡೋಸ್ ಬಿಡದಿರೋಕೆ ಒಂದು ದೊಡ್ಡ ಕಾರಣ ನುಡಿ ಮತ್ತು ಬರಹ ತಂತ್ರಾಂಶಗಳ ಹಳೇ ಫೈಲುಗಳು. ಯೂನಿಕೋಡ್ ಬರೋಕೆ ಮುಂಚಿನ ಆ ಫೈಲುಗಳಲ್ಲಿ ಇರೋದು ಫಾಂಟ್‌ನ ಚೂರುಗಳ ಸಂಕೇತ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಹೋಗಿ ಕಸ ಕಾಣತ್ತೆ. ವರ್ಷಗಟ್ಟಲೆ ಟೈಪ್ ಮಾಡಿಟ್ಟ ಕಡತ ಇರೋ ಗುಮಾಸ್ತರಿಗೆ ಲಿನಕ್ಸ್ ಪುಕ್ಕಟೆ ಅಂತ ಹೇಳಿ ಏನು ಪ್ರಯೋಜನ? ಅವರಿಗೆ ಬೇಕಿರೋದು ಆ ಕಡತ ಮತ್ತು ಬೆರಳಿಗೆ ಒಗ್ಗಿದ ಕೀಲಿಮಣೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಆ ಕೀಲಿಮಣೆ ಕಗಪ ಅನ್ನೋ ಹೆಸರಿನಲ್ಲಿ ಲಿನಕ್ಸ್‌ನಲ್ಲೂ ಇದೆ. ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಸಾಧನಗಳೂ ಇವೆ. ಆದರೆ ಸಾಮಾನ್ಯವಾಗಿ ನಾವು ಚರ್ಚೆ ಶುರು ಮಾಡೋದು ಇವುಗಳಿಂದ ಅಲ್ಲ, ಕರ್ನಲ್‌ನಿಂದ.

ಕಿಲ್ಡಾಲ್ ಬದುಕು ಹೇಳೋದು ಇದರ ತಿರುವುಮುರುವು ಕ್ರಮ. ಜನ ಸಿಸ್ಟಂ ಬದಲಾಯಿಸೋದು ಬದಲಾಯಿಸಿದ್ದು ಗೊತ್ತಾಗದೇ ಇದ್ದಾಗ. ಲಿನಕ್ಸ್ ಕರ್ನಲ್ ಇಂದು ಕೋಟಿಗಟ್ಟಲೆ ಜನರ ಜೇಬಿನಲ್ಲಿ ಆಂಡ್ರಾಯ್ಡ್ ಒಳಗೆ ಕೂತಿದೆಯಲ್ಲ, ಅದು ಯಾರ ಭಾಷಣದಿಂದಲೂ ಆಗಿದ್ದಲ್ಲ. ಹಾಗಾಗಿ ಅಪ್ಪನ ಅಂಗಡಿಯ ಕಂಪ್ಯೂಟರ್‌ಗೋ, ಊರಿನ ಶಾಲೆಯ ಲ್ಯಾಬಿಗೋ ಲಿನಕ್ಸ್ ಹಾಕಬೇಕು ಅಂತ ಹೊರಡುವವರು ಮೊದಲು ಗೆರೆಯ ಮೇಲಿನದನ್ನು ಸಾಗಿಸಿ. ವಿಂಡೋಸ್‌ನಲ್ಲೇ ಲಿಬ್ರೆ ಆಫೀಸ್ ಹಾಕಿ ಆರು ತಿಂಗಳು ರೂಢಿಯಾಗಲಿ. ಹಳೇ ನುಡಿ ಫೈಲುಗಳು ಯೂನಿಕೋಡ್ ಆಗಲಿ. ಪ್ರಿಂಟರ್ ಓಡತ್ತಾ ಅಂತ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನೋಡಿ. ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಕೂರಿಸಿ, ಭಯ ಇಳಿಯೋವರೆಗೂ ಎರಡೂ ಇರಲಿ. ಆಪರೇಟಿಂಗ್ ಸಿಸ್ಟಂ ಸರದಿ ಬರೋದು ಎಲ್ಲಕ್ಕಿಂತ ಕೊನೆಗೆ.

ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂ 801ನೇ ನಂಬರಿನ ಹಳೇ ಮನೆ ಒಂದು ಕಾಲಕ್ಕೆ ಡಿಜಿಟಲ್ ರಿಸರ್ಚ್‌ನ ಕಚೇರಿ. 2014ರ ಏಪ್ರಿಲ್‌ನಲ್ಲಿ ಎಂಜಿನಿಯರ್‌ಗಳ ಸಂಸ್ಥೆ ಐಟ್ರಿಪಲ್‌ಇ ಅಲ್ಲಿ ಸಿಪಿ/ಎಂ ನೆನಪಿಗೆ ಒಂದು ಫಲಕ ಇಟ್ಟಿತು. ಅದರಲ್ಲಿ ವಿಮಾನದ ಮಾತಿಲ್ಲ. ಮುಂದಿನ ಸಲ ಯಾರಾದರೂ ಆ ಕಥೆ ಹೇಳೋಕೆ ಶುರು ಮಾಡಿದರೆ, ಮಧ್ಯೆ ಬಾಯಿ ಹಾಕಿ ಬಯೋಸ್ ಅನ್ನೋ ಹೆಸರಿಟ್ಟವರು ಯಾರು ಅಂತ ಕೇಳಿ ನೋಡಿ.